ಗುರುವಾರದ ಎರಡು ತಾಸು

ಏಪ್ರಿಲ್ 17, ಗುರುವಾರ

ಬಿಸಿಲು ಅಂದ್ರ ಬಿಸಿಲು. ಹುಬ್ಬಳ್ಳಿಯೊಳಗ ಇಂಥಾ ಬಿಸಿಲು ಹಿಂದ ಎಂದೂ ಬಿದ್ದಿಲ್ಲ ಅಂತ ಪ್ರತಿ ವರ್ಷ ಅಂತೇನಿ, ಪ್ರತಿ ವರ್ಷ ಅದು ಖರೇನೇ ಅನಸ್ತದ. ಮೈಯೊಳಗ ಉಷ್ಣ ಏರಿರಬೇಕು ಅಂತ ನಾಲ್ಕು ದಿನದಿಂದ ಹೊತ್ತಿಗೊಂದು ಗ್ಲಾಸು ಕೋಕಂ ಶರಬತ್ತು ಕುಡೀತಿದ್ದೆ. ಇವತ್ತು ಮುಂಜಾನೆ ನೋಡಿದ್ರ ಮೂತ್ರ ಕೆಂಪು. ನೋವಿಲ್ಲ, ಉರಿ ಇಲ್ಲ, ಸುಮ್ಮನ ಕೆಂಪು.

ಬ್ಯಾರೆ ಯಾರರ ಆಗಿದ್ರ ಗಾಬರಿ ಆಗತಿದ್ರು. ನಾ ಆಗಲಿಲ್ಲ. ಧಾರವಾಡದ ಹತ್ರದ ಬೇಲೂರಿನ ಬಣ್ಣದ ಕಾರ್ಖಾನಿಯೊಳಗ ರಿಟೈರ್ ಆಗೂತನಕ ಶೇಡ್ ಹೊಂದಿಸಿದಾವ ನಾನು. ಗಿರಾಕಿ ಒಂದು ಅರಿವಿ ಚಿಂದಿ ತಂದು ಇದೇ ಬಣ್ಣ ಬೇಕು ಅಂದ್ರ, ನೋಡಿದ ಕೂಡಲೆ ಇದಕ್ಕ ಹಳದಿ ಎಷ್ಟು, ನೀಲಿ ಎಷ್ಟು ಅಂತ ಹೇಳತಿದ್ದೆ. ಇದು ಕೋಕಂನ ಕೆಂಪು. ಮ್ಯಾಲಿಂದ ಹೋದ ಬಣ್ಣ ಕೆಳಗಿಂದ ಬಂತು, ಅಷ್ಟೇ.

ಹೆಂಡತಿ ವತ್ಸಲಾ ಇದ್ದಿದ್ರ ಈ ಸುದ್ದಿ ಅಕಿಗೆ ಹೇಳಿ, ಬೈಸಿಕೊಂಡು ಸುಮ್ಮನಾಗತಿದ್ದೆ. ಅಕಿ ಹೋಗಿ ಮೂರು ವರ್ಷ ಆತು. ಇಂಥಾದ್ದನ್ನ ಮಗಳು ಮಾನಸಿ ಮುಂದ ಹೇಳ್ಲಿಕ್ಕೆ ಬರೂದಿಲ್ಲ. ಹಿಂಗಾಗಿ ಬ್ಯಾಂಕಿನವರು ಕೊಟ್ಟ ಈ ಡೈರಿಗೆ ಹೇಳೂದು. ಡೈರಿ ಬಯ್ಯೂದಿಲ್ಲ, ಅದೊಂದು ಕೊರತಿ.

ಏಪ್ರಿಲ್ 20, ರವಿವಾರ

ಕೋಕಂ ಬಿಟ್ಟೆ. ಬಣ್ಣ ಹೋತು. ಇಂಥಾ ಕಡೆ, ಸಾಧಿಸಿದಂಗ ಆತು ಅಂತ, ಜಾಮೆಟ್ರಿಯೊಳಗ ಕ್ಯೂ.ಇ.ಡಿ. ಅಂತ ಬರೀತಿದ್ವಿ. ಅದರ ಪೂರ್ತಿ ರೂಪ ಏನಿತ್ತೋ, ಈಗ ನೆನಪಾಗವಲ್ದು.

ಸಂಜೀಕ ಅಬ್ದುಲಗನಿ ಬಂದಿದ್ದ. ಕಾರ್ಖಾನಿಯೊಳಗ ನನ್ನ ಬಾಜೂ ಟೇಬಲ್ಲಿನ ದೋಸ್ತ, ಈಗ ದೇಶಪಾಂಡೆ ನಗರದ ಮೂಲ್ಯಾಗಿನ ಚಹಾದಂಗಡಿಯ ಬಾಜೂ ಕುರ್ಚಿಯ ದೋಸ್ತ. ಇಬ್ಬರೂ ಒಂದೊಂದು ಚಹಾ, ಎರಡೆರಡು ಸಿಗರೇಟು ಮುಗಿಸಿದಿವಿ. ಕೋಕಂ ಸುದ್ದಿ ಹೇಳಲಿಲ್ಲ. ಮುಗಿದ ಸುದ್ದಿ ಯಾಕ ಹೇಳಬೇಕು.

ಮೇ 6, ಮಂಗಳವಾರ

ಮತ್ತ ಕೆಂಪು. ಕೋಕಂ ಮುಟ್ಟಿ ಎರಡು ವಾರದ ಮ್ಯಾಲ ಆಗೇದ. ಬೀಟ್‌ರೂಟ್ ತಿಂದಿಲ್ಲ, ಕಲ್ಲಂಗಡಿ ತಿಂದಿಲ್ಲ. ಸ್ವಲ್ಪ ಹೊತ್ತು ಮನಸ್ಸಿನ್ಯಾಗ ಹುಡುಕಿದೆ, ನಿನ್ನೆ ಪಲ್ಯಾದಾಗ ಏನರ ಕೆಂಪು ಇತ್ತೇನು ಅಂತ. ಹೀರೀಕಾಯಿ ಪಲ್ಯಾದಾಗ ಎಲ್ಲಿ ಕೆಂಪು.

ಅಬ್ದುಲಗನಿಗೆ ಫೋನ್ ಮಾಡಿದೆ. ಅವ ಬಂದಾವ ಏನೂ ಕೇಳಲಿಲ್ಲ, ಕಾರ್ಖಾನಿ ಪದ್ಧತಿ ಪ್ರಕಾರ ನಡಿಯಲೇ ಅಂದ. ಗಾಜಿನ ಗ್ಲಾಸಿನ್ಯಾಗ ಸ್ಯಾಂಪಲ್ ತಂದೆ. ಉತ್ತರದ ಕಿಡಕಿ ಕಡೆ ಬಿಳೀ ಫರಸಿ ಕಲ್ಲು ಇಟ್ಟು, ಅದರ ಮುಂದ ಗ್ಲಾಸು ಹಿಡಿದು, ಇಬ್ಬರೂ ಚಷ್ಮಾ ಏರಿಸಿ ಬಗ್ಗಿ ನೋಡಿದಿವಿ. ಎದುರುಮನಿಯವರು ನೋಡಿದ್ರ ಏನ ತಿಳಕೋತಿದ್ರೋ.

"ಕೋಕಂದಾಗ ನೀಲಿ ಇರ್ತೈತಿ," ಅಂದ. "ಇದರಾಗ ಕಂದು ಐತಿ. ಇದು ರಕ್ತಲೇ ಶ್ರೀರಂಗ."

ಫರಸಿ ಹಳದಿ ಬಡದಿರಬೇಕು ಅಂದೆ.

"ಫರಸಿ ಛಲೋ ಐತಿ. ನಿನ್ನ ಕಣ್ಣ ಸುಳ್ಳ ಹೇಳಾಕತ್ತಾವ."

ಆಮ್ಯಾಲ ನನ್ನನ್ನ ಕೇಳದನೇ ಮಾನಸಿಗೆ ಫೋನ್ ಮಾಡಿದ.

ಮೇ 9, ಶುಕ್ರವಾರ

ಗೋಕುಲ ರಸ್ತೆ ಕಡೆ ಒಂದು ಆಸ್ಪತ್ರಿಗೆ ಮಾನಸಿ ಕರಕೊಂಡು ಹೋಗಿದ್ದಳು. ಕಾಲೇಜಿಗೆ ರಜಾ ಹಾಕಿ ಬಂದಾಕಿ, ದಾರಿ ಪೂರ್ತಿ ವಿದ್ಯಾರ್ಥಿಗೆ ಬೈದಂಗ ಬೈದಳು. ಮೊದಲನೇ ಸಲನ ಯಾಕ ಹೇಳಲಿಲ್ಲ ಅಂತ. ತಾನ ನಿಂತಿತ್ತಲ್ಲವಾ ಅಂದೆ. ಡಾಕ್ಟರೂ ಅದನ್ನೇ ಹೇಳಿದ್ರು: ಈ ರೋಗದ ಗುಣಾನೇ ಅದು, ನೋವಿಲ್ಲದ ಬರ್ತದ, ತಾನ ನಿಲ್ಲತದ, ಮಂದಿ ವಾಸಿ ಆತು ಅಂತ ಮನಿಯಾಗ ಕೂಡ್ತಾರ.

ಮೊದಲು ಹೊಟ್ಟಿ ಸ್ಕ್ಯಾನ್. ಆಮ್ಯಾಲ ಮೂತ್ರದ ದಾರಿಯೊಳಗ ಜೆಲ್ಲಿ ಹಚ್ಚಿ ಸಣ್ಣ ದುರ್ಬೀನು ಬಿಟ್ರು. ನೋವು ಅನ್ನೂದಕಿಂತ ನಾಚಿಕಿ ಜಾಸ್ತಿ. ಟೀವಿಯೊಳಗ ನನ್ನ ಮೂತ್ರಕೋಶ ನನಗೇ ತೋರಿಸಿದ್ರು. ಗ್ವಾಡಿಗೆ ಹೂಕೋಸಿನ ತುಣುಕಿನಂಥಾದ್ದೊಂದು ಹತ್ತಿಕೊಂಡಿತ್ತು, ನೀರಿನ್ಯಾಗ ತೂಗಾಡಿಕೋತ. ಇನ್ನ ಮ್ಯಾಲ ಹೂಕೋಸು ತಿನ್ನೂದು ಕಠಿಣ ಅದ.

ಸಿಗರೇಟು ಸೇದತೀರೇನು ಅಂತ ಕೇಳಿದ್ರು. ದಿನಕ್ಕ ಸ್ವಲ್ಪ ಅಂದೆ. ಮಾನಸಿ ನನ್ನ ಮಾರಿ ನೋಡಿದಳು. ಸ್ವಲ್ಪ ಅಲ್ಲರಿ, ಕಾಲೇಜಿನ ದಿನದಿಂದ ಅಂದೆ. ಹೆಚ್ಚಿನ ಮಂದಿಗೆ ಇದು ಬರೂದೇ ಅದರಿಂದ ಅಂತ. ಹೊಗಿಯೊಳಗಿನ ವಿಷ ರಕ್ತಕ್ಕ ಇಳಿದು, ಮೂತ್ರದಾಗ ಸೋಸಿ, ತಾಸುಗಟ್ಟಲೆ ಅಲ್ಲೇ ನಿಂದರ್ತದಂತ. ಹಳೇ ಕಾಲದ ಬಣ್ಣದ ಪುಡಿಯೂ ಕಾರಣ ಇರಬಹುದು, ಎರಡರಾಗ ಯಾವುದು ಎಷ್ಟು ಅಂತ ಹೇಳ್ಲಿಕ್ಕೆ ಬರೂದಿಲ್ಲ ಅಂದ್ರು. ನಾ ಆಗಿದ್ರ ಶೇಕಡಾ ಹೇಳತಿದ್ದೆ. ಇರ್ಲಿ.

ಕಿಸೆದಾಗಿನ ಪ್ಯಾಕೆಟ್ಟು ಮಾನಸಿ ಕೈಯಾಗ ಕೊಟ್ಟೆ.

ಮೇ 20, ಮಂಗಳವಾರ

ಆಪರೇಶನ್ ನಿನ್ನೆ ಆತು. ಹೊಟ್ಟಿ ಕೊಯ್ಯಲಿಲ್ಲ, ಹೋದ ದಾರಿಯಿಂದನೇ ಹೋಗಿ ಕೆರದು ತಗದ್ರು. ಈಗ ನಳಿಗಿ ಹಾಕ್ಯಾರ, ಮಂಚದ ಬಾಜೂ ಚೀಲ ತೂಗಿಬಿಟ್ಟಾರ.

ನರ್ಸ್ ಮಹೆಕ ಮುಂಜಾನೆ ಬಂದು ಚೀಲ ನೋಡಿ 'ತಿಳಿ ಕೆಂಪು' ಅಂತ ಬರಕೊಂಡಳು. ಸಹಿಸಲಿಕ್ಕೆ ಆಗಲಿಲ್ಲ. ಇದು ತಿಳಿ ಕೆಂಪಲ್ಲವಾ, ದಾಳಿಂಬರಿ ಅಂದೆ. ಮಧ್ಯಾಹ್ನಕ್ಕ ಅದು ಪನ್ನೇರಳೆಗೆ ಬಂತು, ಸಂಜೀಕ ಗುಲ್ಕಂದ ಹಾಲಿಗೆ. ಬಾಜೂ ಮಂಚದವರು ತಮ್ಮದೂ ಹೇಳ್ರಿ ಅಂದ್ರು. ಹೇಳಿದೆ. ಆಚೀ ಮಂಚದವರು ತಮ್ಮದೂ ಕೇಳಿದ್ರು. ಅವರ ಚೀಲಕ್ಕ ನಾ ದಾಳಿಂಬರಿ ಅಂದೆ, ಅದು ರಕ್ತ ಅಲ್ಲ, ಔಷಧದ ಬಣ್ಣ ಆಗಿತ್ತಂತ, ಮಹೆಕ ನಕ್ಕು ಹೇಳಿದಳು. ನೂರಕ್ಕ ಒಂದು ಸ್ಯಾಂಪಲ್ ತಪ್ಪತದ, ಕಾರ್ಖಾನಿಯೊಳಗೂ ತಪ್ಪತಿತ್ತು.

ಮೇ 28, ಬುಧವಾರ

ರಿಪೋರ್ಟ್ ಬಂತು. ಬರೀಲಿಕ್ಕೆ ಮನಸ್ಸಿಲ್ಲ, ಆದ್ರೂ ಬರೀತೇನಿ.

ಇದು ಕ್ಯಾನ್ಸರ್. ಡಾಕ್ಟರು ಚಿತ್ರ ಬರದು ತೋರಿಸಿದ್ರು. ಮೂತ್ರಕೋಶದ ಗ್ವಾಡಿ ನಮ್ಮ ಮನಿ ಗ್ವಾಡಿ ಇದ್ದಂಗ: ಮ್ಯಾಲ ಬಣ್ಣ, ಕೆಳಗ ಗಿಲಾವು, ಅದರ ಕೆಳಗ ಇಟ್ಟಂಗಿ. ರೋಗ ಬಣ್ಣದಾಗ ಮಾತ್ರ ಅದ. ಇಟ್ಟಂಗಿ ಅಂದ್ರ ಮಾಂಸಖಂಡ, ಅಲ್ಲಿಗೆ ಇಳಿದಿಲ್ಲ. ಅದು ದೊಡ್ಡ ಸಮಾಧಾನದ ಮಾತು. ಆದ್ರ ಜಾತಿ ಕೆಟ್ಟದ್ದು, ಕೆರದ್ರೂ ಮತ್ತ ಏಳೂವಂಥಾದ್ದು. ಅದಕ್ಕ ವಾರಕ್ಕೊಂದು ಸಲದಂಗ ಆರು ವಾರ ಮೂತ್ರಕೋಶದೊಳಗ ಔಷಧ ತುಂಬಬೇಕು. ಆಮ್ಯಾಲ ಮತ್ತ ದುರ್ಬೀನು ಬಿಟ್ಟು ನೋಡೂದು. ಗ್ವಾಡಿ ಸ್ವಚ್ಛ ಇದ್ರ ಛಲೋ. ಔಷಧಕ್ಕೂ ಬಗ್ಗದಿದ್ರ ಮೂತ್ರಕೋಶನೇ ತಗದು, ಹೊಟ್ಟಿ ಮ್ಯಾಲ ದಾರಿ ಮಾಡಿ, ಹೊರಗ ಚೀಲ ಹಚ್ಚಬೇಕಾಗಬಹುದು.

ಇಂಗ್ಲಿಷಿನ್ಯಾಗ ಸಿಂಪಲ್ ಸೆಂಟೆನ್ಸ್, ಕಾಂಪೌಂಡ್ ಸೆಂಟೆನ್ಸ್, ಕಾಂಪ್ಲೆಕ್ಸ್ ಸೆಂಟೆನ್ಸ್ ಅಂತ ಕಲಿಸಿದ್ರು. ಡಾಕ್ಟರು ಹೇಳಿದ್ದು ಕಾಂಪ್ಲೆಕ್ಸ್. ನಾ ಹೇಳಿದ್ದು ಸಿಂಪಲ್. "ಔಷಧ ತುಂಬ್ರಿ. ತೆಗ್ಯೂದು ಮಾತ್ರ ಬ್ಯಾಡ. ಹಂಗ ಬಂದ್ರ ಅಲ್ಲಿಗೇ ಬಿಟ್ಟುಬಿಡ್ರಿ."

ಬರೂವಾಗ ಮಾನಸಿ ಮನಿ ಮುಂದ ಕಾರು ನಿಲ್ಲಿಸಿ, ಅಪ್ಪಾ ನೀ ಹಂಗ ಅನಬಾರದಿತ್ತು ಅಂದಳು. ನಾನೂ ಸಿಟ್ಟಿಗೆದ್ದು ಅಂದೆ: ಹೊಟ್ಟಿಗೆ ಚೀಲ ಕಟಗೊಂಡು ಯಾರ ಸಲುವಾಗಿ ಕೂಡಬೇಕು, ನಿನಗ ನಿನ್ನ ಸಂಸಾರ ಅದ, ನನಗ ಗ್ವಾಡಿ ಬಿಟ್ರ ಮಾತಾಡಲಿಕ್ಕೆ ಯಾರಿದ್ದಾರ ಅಂತ. ಅಕಿ ಡಬ್ಬಿ ಕೈಯಾಗ ಕೊಟ್ಟು ಹೋದಳು. ಡಬ್ಬಿಯೊಳಗ ಹೂಕೋಸಿನ ಪಲ್ಯಾ ಇತ್ತು. ಬೇಕಂತ ಮಾಡಿರಲಿಕ್ಕಿಲ್ಲ.

ಜೂನ್ 8, ರವಿವಾರ

ತಾರಕ್ಕ ಬಂದಿಳಿದಳು. ನನ್ನ ಸ್ವಂತ ಅಕ್ಕ, ಧಾರವಾಡದ ಸಾಲಿಯೊಳಗ ಜೀವಮಾನ ಪೂರ್ತಿ ಸಂಗೀತ ಕಲಿಸಿದಾಕಿ. ಸಾಲಿ ಹುಡುಗೂರಿಗೆ ತಾರಾಬಾಯಿ ಟೀಚರ್ ಅಂದ್ರ ಈಗೂ ಬೆನ್ನು ನೆಟ್ಟಗ ಆಗತದಂತ. ಧಾರವಾಡ-ಹುಬ್ಬಳ್ಳಿ ನಡುವ ಓಡೂ ಚಿಗರಿ ಬಸ್ಸಿನ್ಯಾಗ ಎರಡು ಚೀಲ, ಒಂದು ಮೆಂತ್ಯಹಿಟ್ಟಿನ ಡಬ್ಬಿ, ತನ್ನ ಮಡಿ ಸೀರಿ ಗಂಟು ಹಿಡಕೊಂಡು ಬಂದಾಳ. ಮಾನಸಿ ಕರಿಸ್ಯಾಳ ಅಂತ ಗೊತ್ತಾತು. ನಾ ಯಾರನ್ನೂ ಕರ್ದಿರಲಿಲ್ಲ.

ಬಂದಾಕಿನೇ ಪಡಸಾಲಿ ಮೂಲಿ ನೋಡಿದಳು. ಅಲ್ಲಿ ವತ್ಸಲಾನ ತಂಬೂರಿ ಗವಸು ಹಾಕಿಕೊಂಡು ನಿಂತದ. ಮಿರಜಿಯಿಂದ ತಂದದ್ದು. ಅಕಿ ಹಾಡತಿದ್ದಳು, ಹಿಂದ ಕೂತು ತಂಬೂರಿ ನುಡಿಸೂದು ನನ್ನ ಕೆಲಸ. ನನಗ ಹಾಡ್ಲಿಕ್ಕೆ ಬರೂದಿಲ್ಲ, ಅದೊಂದೇ ಬರ್ತದ. ಮೂರು ವರ್ಷದಿಂದ ಗವಸು ತಗದಿಲ್ಲ. ಅಕ್ಕ ಕೈ ಚಾಚಿದ್ಲು, ಅದನ್ನ ಮುಟ್ಟಬ್ಯಾಡ ಅಂದೆ. ಮುಟ್ಟಲಿಲ್ಲ. ಊಟಕ್ಕ ಏನ್ ಮಾಡ್ಲಿ ಅಂತ ಕೇಳಿದಳು.

ಜೂನ್ 19, ಗುರುವಾರ

ಮೊದಲನೇ ಔಷಧ. ಬಿ.ಸಿ.ಜಿ. ಅಂತ, ಸಣ್ಣಂದಿರತ ತೋಳಿಗೆ ಚುಚ್ಚತಿದ್ರಲ್ಲ, ಅದೇ ಕ್ಷಯದ ಲಸಿಕಿ. ಅದರೊಳಗ ಜೀವ ಇದ್ದ, ಆದ್ರ ಶಕ್ತಿ ತಗದ ರೋಗಾಣು ಇರ್ತಾವ. ಅವು ಒಳಗ ಹೋಗಿ ಗದ್ದಲ ಹಾಕತಾವ, ಗದ್ದಲಕ್ಕ ಮೈಯೊಳಗಿನ ಕಾವಲುಗಾರರು ಎದ್ದು ಬರ್ತಾರ, ಬಂದವರು ಕ್ಯಾನ್ಸರಿನ ಕಣಾನೂ ಹಿಡದು ಬಡೀತಾರ. ಮಹೆಕ ಹಿಂಗ ತಿಳಿಸಿ ಹೇಳಿದಳು. ಕಳ್ಳಗ ಕಳ್ಳನ್ನ ಬಿಟ್ಟಂಗ ಆತು.

ಪದ್ಧತಿ ಇಷ್ಟು. ಮುಂಜಾನಿಯಿಂದ ನೀರು ಕಮ್ಮಿ, ಚಹಾ ಇಲ್ಲ. ಸಣ್ಣ ನಳಿಗಿಯಿಂದ ಔಷಧ ತುಂಬಿ ನಳಿಗಿ ತಗೀತಾರ. ಆಮ್ಯಾಲ ಎರಡು ತಾಸು ಹಿಡಕೋಬೇಕು. ಎರಡು ತಾಸು ಔಷಧ ಗ್ವಾಡಿಗೆ ಹತ್ತಿದ್ರ ಅದರ ಗುಣ. ಮನಿ ಹತ್ರ ಇದ್ದವರು ಮನಿಗೆ ಹೋಗಿ ಹಿಡಕೋಬಹುದು. ಮುಂದ ಆರು ತಾಸು, ಹೋದಾಗೊಮ್ಮೆ ಕೂತೇ ಮಾಡಬೇಕು, ಬ್ಲೀಚಿಂಗ್ ನೀರು ಸುರೀಬೇಕು, ಕಾಲು ತಾಸು ಬಿಟ್ಟು ನೀರು ಹಾಕಬೇಕು.

ನಾ ಇದನ್ನ ಚೀಟಿಗೆ ಬರಕೋಳ್ಳೂದರಾಗ ತಾರಕ್ಕಗ ಎಲ್ಲಾ ತಿಳದಿತ್ತು. "ಆರು ತಾಸಿನ ಮೈಲಿಗಿ," ಅಂದಳು. ಮನಿಗೆ ಬಂದ ಕೂಡಲೆ ನನ್ನ ತಾಟು ಬ್ಯಾರೆ, ಚಾಪಿ ಬ್ಯಾರೆ, ಅಡಗಿಮನಿ ಹೊಸ್ತಿಲಾ ದಾಟೂ ಹಂಗಿಲ್ಲ, ಉಪ್ಪಿನಕಾಯಿ ಭರಣಿ ಕಡೆ ನೋಡೂ ಹಂಗಿಲ್ಲ. ಮಾನಸಿ ಫೋನಿನ್ಯಾಗ ಮಹೆಕನ್ನ ಕೇಳಿದ್ರ, ಬಚ್ಚಲ ಒಂದಕ್ಕೇ ರೀ, ಉಳದದ್ದಕ್ಕ ಏನೂ ಇಲ್ಲ ಅಂತ. ಅಕ್ಕ ಒಪ್ಪಲಿಲ್ಲ. ಮೈಲಿಗಿ ಅಂದ್ಮ್ಯಾಲ ಅರ್ಧಾ ಮೈಲಿಗಿ ಎಲ್ಲಿಂದ ಬಂತು ಅಂದಳು.

ಹಿಡಕೊಳ್ಳೂದು ಮಾತ್ರ ಆಗಲಿಲ್ಲ. ಆಟೋದಾಗ ಗೋಕುಲ ರಸ್ತೆಯ ಒಂದೊಂದು ತಗ್ಗೂ ಔಷಧಕ್ಕ ಮುಟ್ಟತಿತ್ತು. ಮನಿಯಾಗ ಗಡಿಯಾರ ನೋಡಿಕೋತ ಕೂತೆ. ನೋಡಿದಷ್ಟೂ ಅವಸರ ಆತು. ಒಂದು ತಾಸಿಗೇ ಓಡಿದೆ. ಅರ್ಧಾ ಔಷಧ ವ್ಯರ್ಥ. ಫೋನ್ ಮಾಡಿ ಹೇಳಿದ್ರ ಮಹೆಕ ಬೈಯಲಿಲ್ಲ, ಮುಂದಿನ ವಾರ ನೋಡೋಣ ಅಂಕಲ್ ಅಂದಳು. ಹಿಂಗ ಆರೂ ವಾರ ಒಂದೇ ತಾಸಿಗೆ ಓಡಿದ್ರ ಕಡೀಕ ದುರ್ಬೀನಿನ್ಯಾಗ ಏನ್ ಕಾಣ್ತದ ಅಂತ ಯಾರೂ ಹೇಳಬೇಕಾಗಿಲ್ಲ.

ಜೂನ್ 26, ಗುರುವಾರ

ಇವತ್ತಿಂದು ದೊಡ್ಡ ಕತಿ ಅದ.

ಆಸ್ಪತ್ರಿಯೊಳಗ ಪಾಳಿ ಕಾಯೂವಾಗ ಬಾಜೂಕ ಒಬ್ಬರು ಬಂದು ಕೂತ್ರು. ಧಾರವಾಡದ ಹತ್ತಿ ವ್ಯಾಪಾರಿ ಚನ್ನಯ್ಯ. ಹಣಿಗೆ ವಿಭೂತಿ, ಕೈಯಾಗ ಹೆಲ್ಮೆಟ್ಟು. ವರ್ಷದ ತಪಾಸಣಿಗೆ ಸ್ಕೂಟರ್ ಮ್ಯಾಲ ಬಂದಿದ್ರು. ಅವರ ಮೂತ್ರಕೋಶ ತಗದು ಏಳು ವರ್ಷ ಆತಂತ. ನಾ ಕೇಳದನೇ ಅಂಗಿ ಎತ್ತಿ ಚೀಲ ತೋರಿಸಿದ್ರು. ನಾ ಅತ್ತಾಗ ಮಾರಿ ಮಾಡಿದೆ. ಅವರಿಗೆ ನಗಿ ಬಂತು.

"ನೋಡ್ರಿ ಸರ, ನಾ ಕಂಪನಿ ನಾಟಕಕ್ಕ ಹೋದ್ರ ಮೊದಲನೇ ಬೆಲ್ಲಿಗೆ ಕೂತಾವ ಪರದೆ ಬಿದ್ದಮ್ಯಾಲೇ ಏಳೂದು. ನೀವು ಮೂತ್ರಕೋಶ ಇದ್ದವರು ಮೂರು ಸಲ ಎದ್ದು ಮಂದಿ ಕಾಲ ತುಳೀತೀರಿ."

ಚೀಲದ ಮ್ಯಾಲ ಪ್ರೀತಿ ಏನಿಲ್ರಿ, ಮೊದಲ ಮೊದಲ ಭಾಳ ತ್ರಾಸ ಆತು, ರಾತ್ರಿ ಸೋರಿ ಹಾಸಿಗಿ ತೊಯ್ತಿತ್ತು, ಹೆಂಡತಿ ಮುಂದ ಅತ್ತೇನಿ ಅಂತನೂ ಹೇಳಿದ್ರು. ಹೇಳಿ, ನಿಮ್ಮದು ಯಾವ ವಾರ ಅಂತ ಕೇಳಿದ್ರು. ಎರಡು ತಾಸು ಕೂಡೂದು ಆಗವಲ್ದು ಅಂದೆ. ಕೆಲಸ ಹಚ್ಚಿಕೋರಿ ಅಂದ್ರು.

ಎರಡನೇ ಔಷಧ ತುಂಬಿಸಿಕೊಂಡು ಮನಿಗೆ ಬಂದ್ರ ಅಕ್ಕ ಪಡಸಾಲಿಯೊಳಗ ಚಾಪಿ ಹಾಸಿದ್ದಳು. ತಂಬೂರಿ ಗವಸು ಬಿಚ್ಚಿತ್ತು. ತುಕ್ಕು ಹಿಡದ ತಂತಿ ತಗದು ಹೊಸಾ ತಂತಿ ಏರಿಸಿದ್ಲು. ತಂತಿ ಧಾರವಾಡದಿಂದ ಬರೂವಾಗಲೇ ತಂದಿದ್ಲಂತ. ನನಗ ಭಾಳ ಸಿಟ್ಟು ಬಂತು. ಮುಟ್ಟಬ್ಯಾಡ ಅಂದಿದ್ದೆ ಅಂದೆ.

"ವತ್ಸಲಾನ ಹಿಂದ ಎಷ್ಟು ಹೊತ್ತು ಕೂಡತಿದ್ದಿ?" ಅಂದಳು.

"ಅಕಿ ಹಾಡೂತನಕ."

"ನಡುವ ಎಂದರ ಎದ್ದಿದ್ದೇನು?"

ಎದ್ದಿರಲಿಲ್ಲ. ತಂಬೂರಿ ಹಿಡದಾವ ನಡುವ ಏಳೂ ಪದ್ಧತಿ ಇಲ್ಲ. ಹಾಡೂವರು ನೀರು ಕುಡೀತಾರ, ತಬಲಾದಾವ ಸುತ್ತಿಗಿ ಬಡಕೋತ ಹೊತ್ತು ಕಳೀತಾನ, ತಂಬೂರಿದಾವ ಮಾತ್ರ ಕೆಮ್ಮೂ ಹಂಗಿಲ್ಲ. ಅವ ನಿಂತ್ರ ಹಾಡೇ ನಿಂತಂಗ. ಒಮ್ಮೆ ಧಾರವಾಡದಾಗ ಮೂರು ತಾಸಿನ ಬೈಠಕ್, ಕಾಲು ಮರಗಟ್ಟಿ ನನ್ನನ್ನ ಇಬ್ಬರು ಎತ್ತಿ ಕೆಳಗಿಳಿಸಿದ್ರು, ಆದ್ರೂ ಕೈ ನಿಂತಿರಲಿಲ್ಲ.

ಕೂತೆ. ಆರಾಮ ಆಗಲಿ ಅಂತ ತಂಬೂರಿ ತೊಡಿ ಮ್ಯಾಲ ಅಡ್ಡ ಇಟ್ಟಳು. ತಂತಿ ಕೆಳಗ ನಾದ ಕೂಡಸ್ಲಿಕ್ಕೆ ನೂಲಿನ ಎಳಿ ಇಡತಾರ. ವತ್ಸಲಾ ಇಟ್ಟ ಎಳಿ ಹಂಗೇ ಇತ್ತು. ಅಬೋಲಿ, ಅಂದ್ರ ಕನಕಾಂಬರ ಹೂವಿನ ಬಣ್ಣದ್ದು, ಅಕಿ ಸೀರಿ ಸೆರಗಿನ ಎಳಿ. ಅಕ್ಕ ತಂತಿ ಬದಲಿಸಿದ್ರೂ ಅದನ್ನ ಬದಲಿಸಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋತೋ.

ಜೌನಪುರಿ ರಾಗ ಹಚ್ಚಿಕೊಂಡಳು. ದನಿ ಒಡದದ, ಶ್ವಾಸ ಸಾಲೂದಿಲ್ಲ, ಆದ್ರ ಸ್ವರ ಇಟ್ಟ ಜಾಗಾ ಬಿಟ್ಟು ಹೋಗೂದಿಲ್ಲ. ವಿಲಂಬಿತ ಮುಗಿಸಿ, ದ್ರುತ ಮುಗಿಸಿ, ಸಾರಂಗಕ್ಕ ಬಂದು, ಒಂದು ದೇವರ ಪದ ಹೇಳಿ, "ಏಳಿನ್ನ," ಅಂದಳು. ಗಡಿಯಾರ ನೋಡಿದ್ರ ಎರಡು ತಾಸು ಆಗಿ ಮ್ಯಾಲ ಹತ್ತು ನಿಮಿಷ.

ಜುಲೈ 4, ಶುಕ್ರವಾರ

ನಿನ್ನೆ ಮೂರನೇದು. ರಾತ್ರಿ ಸಣ್ಣ ಜ್ವರ, ಉರಿ, ಅರ್ಧಾ ತಾಸಿಗೊಮ್ಮೆ ಬಚ್ಚಲ. ಇದು ಔಷಧ ಕೆಲಸ ಮಾಡೂ ಲಕ್ಷಣ, ಜ್ವರ ಏರಿದ್ರ ಅಥವಾ ಇಳೀದಿದ್ರ ಫೋನ್ ಮಾಡ್ರಿ ಅಂತ ಮಹೆಕ ಮೊದಲೇ ಹೇಳಿದ್ಲು. ಇವತ್ತು ಇಳದದ. ಕೈಯಾಗ ಬಲ ಇಲ್ಲ, ಬರಿಯೂದು ಸಾಕು.

ಅಬ್ದುಲಗನಿ ನಿನ್ನೆ ಬೈಠಕ್ಕಿಗೆ ಬಂದಿದ್ದ. ಅವಗ ಸಂಗೀತ ತಿಳಿಯೂದಿಲ್ಲ, ತಲಿ ಮಾತ್ರ ಸರಿಯಾದ ಕಡೆ ಅಲ್ಲಾಡಸ್ತಾನ. ಅವನೂ ಸಿಗರೇಟು ಬಿಟ್ಟು ಕಿಸೆದಾಗ ಬಡೇಸೋಪಿನ ಕಾಳು ಇಟಗೊಂಡಾನ. ಮೂತ್ರ ತಪಾಸಣಿ ಮಾಡಿಸಿದ್ನಂತ, ಏನೂ ಇಲ್ಲಂತ. ನಮ್ಮ ಇಬ್ಬರದೂ ಒಂದೇ ಹೊಗಿ, ಒಂದೇ ಪುಡಿ, ನಿನಗ ಯಾಕ ಇಲ್ಲಲೇ ಅಂದೆ. ಶೇಡ್ ಹೊಂದಲಿಲ್ಲ ಬಿಡು ಅಂದ.

ಜುಲೈ 10, ಗುರುವಾರ

ಗುರುಪೂರ್ಣಿಮಾ, ಅದರಾಗ ಗುರುವಾರ, ಅದರಾಗ ನನ್ನ ನಾಲ್ಕನೇ ಔಷಧ. ತಾರಕ್ಕನ ಹಳೇ ಶಿಷ್ಯಂದಿರು ಹೂವು, ಪೇಢೆ ಹಿಡಕೊಂಡು ಹುಡುಕಿಕೋತ ಇಲ್ಲಿಗೇ ಬಂದ್ರು. ಅವರೊಳಗ ಒಬ್ಬಾಕಿ ಧನಶ್ರೀ ಅಂತ, ಬ್ಯಾಂಕಿನ ಮ್ಯಾನೇಜರು, ಛಲೋ ಹಾಡತಾಳ. ಫೋನಿನ್ಯಾಗ ಕರ್ದಿದ್ದಕ್ಕ ಚನ್ನಯ್ಯನೂ ಬಂದ್ರು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಹೊತಗೊಂಡು. ಚಾಪಿ ಸಾಲಲಿಲ್ಲ, ಮಾನಸಿ ಹಾಸಿಗಿ ಚಾದರ ತಂದು ಹಾಸಿದಳು.

ಎರಡು ತಾಸು ಆದ ಕೂಡಲೆ ಚನ್ನಯ್ಯ ಗಡಿಯಾರ ನೋಡಿ "ಸರ, ಆತು, ಏಳ್ರಿ" ಅಂದ್ರು. ಇಡೀ ಬೈಠಕ್ ನಿಂತಿತು. ನಾ ಎದ್ದು ಬಚ್ಚಲಕ್ಕ ಹೋಗೂದನ್ನ ಎಲ್ಲಾರೂ ಗೌರವದಿಂದ ನೋಡಿದ್ರು. ಇಂಥಾ ಮರ್ಯಾದಿ ನನಗ ಕಾರ್ಖಾನಿಯೊಳಗೂ ಸಿಕ್ಕಿರಲಿಲ್ಲ.

ಒಂದು ಗಮನಿಸಿದೆ. ಅಕ್ಕ ನನ್ನ ತಾಟು ಬ್ಯಾರೆ ಮಾಡೂದು ಬಿಟ್ಟಾಳ. ಕೇಳಲಿಲ್ಲ. ಕೇಳಿದ್ರ ಮತ್ತ ಸುರು ಮಾಡತಾಳ.

ಜುಲೈ 24, ಗುರುವಾರ

ಆರನೇದು, ಕಡೀದು. ಮಹೆಕ ಡ್ಯೂಟಿ ಮುಗಿಸಿ ಬಂದಿದ್ಲು, ಎರಡು ತಾಸು ಹೆಂಗ ಹಿಡಕೋತೀರಿ ಅಂತ ನೋಡ್ಲಿಕ್ಕೆ. ನೋಡಿದಳು, ಉಳದ ಪೇಶಂಟರಿಗೂ ತಂಬೂರಿ ಬರದುಕೊಡ್ರಿ ಅಂತ ಡಾಕ್ಟರಿಗೆ ಹೇಳತೇನಿ ಅಂದಳು. ಬಚ್ಚಲದಾಗಿನ ಬ್ಲೀಚಿಂಗ್ ಬಾಟ್ಲಿ ತಪಾಸಣಿ ಮಾಡಲಿಕ್ಕೂ ಮರೀಲಿಲ್ಲ.

ಧನಶ್ರೀ ನಾಟ್ಯಗೀತ ಹಾಡಿದಳು. ವತ್ಸಲಾ ಹಾಡತಿದ್ದದ್ದೇ. ಅಕಿದಕಿಂತ ಛಲೋ ಅಂತ ಬರೀಲಾರೆ, ಆದ್ರ ಛಲೋ.

ಜುಲೈ 31, ಗುರುವಾರ

ಔಷಧ ಇಲ್ಲ. ಅಕ್ಕ ಸೋಮವಾರ ಧಾರವಾಡಕ್ಕ ಹೋದಳು. ದುರ್ಬೀನು ಇನ್ನೂ ಆರು ವಾರ ಬಿಟ್ಟು. ಚಹಾ ಬೇಕಾದಷ್ಟು ಕುಡೀಬಹುದು. ಕುಡಿದೆ.

ಆಗಸ್ಟ್ 14, ಗುರುವಾರ

ಏನಿಲ್ಲ. ಮುಂಜಾನೆ ಬಣ್ಣ ಬಿಳೀ ಫರಸಿ ಮುಂದ ಹಿಡದು ನೋಡಿದೆ. ತಿಳಿ ಒಣಹುಲ್ಲಿನ ಬಣ್ಣ. ಆದ್ರ ಏಪ್ರಿಲ್‌ದಾಗೂ ನಡುವ ಹಿಂಗ ಇತ್ತು. ನಂಬ್ಲಿಕ್ಕೆ ಧೈರ್ಯ ಇಲ್ಲ.

ಆಗಸ್ಟ್ 21, ಗುರುವಾರ

ಹನ್ನೊಂದರ ಸುಮಾರಿಗೆ ಬಾಗಿಲು ಬಡದ ಸಪ್ಪಳ. ಚನ್ನಯ್ಯ, ಹೆಲ್ಮೆಟ್ಟು, ರೊಟ್ಟಿ ಗಂಟು. ಗುರುವಾರ ಅಲ್ಲೇನ್ರಿ ಅಂದ್ರು. ಔಷಧ ಮುಗೀತಲ್ಲರಿ ಅಂದೆ. ಅದಕೇನಾತು ಅಂದ್ರು. ಖಾಲಿ ಪಡಸಾಲಿಯೊಳಗ ಇಬ್ಬರೂ ರೊಟ್ಟಿ ತಿಂದಿವಿ. ರಾತ್ರಿ ಮಲಗೂವಾಗ ಚೀಲಕ್ಕ ಬ್ಯಾರೆ ನಳಿಗಿ ಹಚ್ಚತಾರೇನು, ಪ್ರವಾಸಕ್ಕ ಹೋದ್ರ ಹೆಂಗ, ಇಂಥಾವನ್ನೆಲ್ಲ ಕೇಳಿದೆ. ಸುಮ್ಮನ ಮಾತಿಗೆ ಮಾತು.

ಸೆಪ್ಟೆಂಬರ್ 2, ಮಂಗಳವಾರ

ತಾರಕ್ಕನ ಫೋನ್. "ಹನ್ನೊಂದನೇ ತಾರೀಖು ಗುರುವಾರ ಬರ್ತೇನಿ. ಸುದ್ದಿ ಛಲೋ ಇದ್ರೂ ಬರ್ತೇನಿ, ಇಲ್ಲದಿದ್ರೂ ಬರ್ತೇನಿ. ತಂತಿ ಒರಸಿಡು."

ಒರಸಿಟ್ಟೆ. ಎಲ್ಲಾರಿಗೂ ಫೋನ್ ಮಾಡಿ ಹೇಳಿದೆ. ಧನಶ್ರೀಗೆ ನಾಟ್ಯಗೀತದ ಎರಡನೇ ಚರಣ ತಪ್ಪೇದ, ತಿದ್ದಿಕೊಂಡು ಬಾ ಅಂದೆ.

ಸೆಪ್ಟೆಂಬರ್ 8, ಸೋಮವಾರ

ದುರ್ಬೀನು.

ಟೇಬಲ್ ಮ್ಯಾಲ ಮಲಗಿಸಿದ ಮ್ಯಾಲ ಡಾಕ್ಟರು ಕೇಳಿದ್ರು, ಏನರ ಕಂಡ್ರ ಮುಂದಿನದ ಬಗ್ಗೆ ಆಮ್ಯಾಲ ಕೂತು ಮಾತಾಡೋಣ ಅಲ್ಲೇನ್ರಿ, ಮೇ ತಿಂಗಳದಾಗ ನೀವು ಬ್ಯಾಡ ಅಂದಿದ್ರಿ ಅಂತ. ಇವರಿಗೆ ನೆನಪು ಭಾಳ.

"ಏನ್ ಕಂಡ್ರೂ ಮಾಡೂದು ಮಾಡ್ರಿ," ಅಂದೆ. "ತಗೀಬೇಕಾದ್ರ ತಗೀರಿ. ಗುರುವಾರ ಒಂದು ಬಿಟ್ಟು. ಆವತ್ತು ಮಂದಿ ಬರ್ತಾರ."

ಬಾಗಿಲ ಹತ್ರ ನಿಂತಿದ್ದ ಮಾನಸಿ ಅಳ್ಲಿಕ್ಕೆ ಹತ್ತಿದಳು. ಇನ್ನೂ ದುರ್ಬೀನು ಬಿಟ್ಟೇ ಇರಲಿಲ್ಲ, ಯಾಕ ಅತ್ತಳೋ ತಿಳೀಲಿಲ್ಲ. ಹೆಣ್ಣುಮಗಳು, ಅಂಜಿಕಿ ಇರ್ತದ.

ಟೀವಿ ಹಚ್ಚಿದ್ರು. ನಾ ಹೂಕೋಸು ಹುಡುಕಿದೆ. ಡಾಕ್ಟರು ಸುಮ್ಮನ ತಿರಿಗಿಸಿ ತಿರಿಗಿಸಿ ನೋಡಿದ್ರು, ಮ್ಯಾಲ, ಕೆಳಗ, ಹಳೇ ಜಾಗಾದಾಗ ಎರಡು ಸಲ. ಹೂಕೋಸು ಇಲ್ಲ. ಗ್ವಾಡಿ ಪೂರ್ತಿ ಒಂದೇ ಬಣ್ಣ, ನಡುವ ಸಣ್ಣ ಸಣ್ಣ ರಕ್ತದ ಎಳಿ. ಡಾಕ್ಟರು ಇಂಗ್ಲಿಷಿನ್ಯಾಗ ಏನೋ ಅಂದ್ರು, ಕ್ಲಿಯರ್ ಅಂದದ್ದು ತಿಳೀತು. ನಾ ಬಣ್ಣ ನೋಡ್ತಿದ್ದೆ. ಅಬೋಲಿ. ತಿಳಿ ಅಬೋಲಿ. ಈ ಶೇಡ್ ನಾ ಎಲ್ಲಿದ್ರೂ ಗುರುತು ಹಿಡೀತೇನಿ.

ಮುಗಿದಿಲ್ಲ ಇದು. ಇದೇ ತಿಂಗಳು ಹದಿನೆಂಟರಿಂದ ಮತ್ತ ಮೂರು ವಾರ ಔಷಧ, ಆಮ್ಯಾಲ ಮೂರು ತಿಂಗಳಿಗೊಮ್ಮೆ ದುರ್ಬೀನು, ವರ್ಷಗಟ್ಟಲೆ ಕಾವಲು. ಮತ್ತ ಏಳಬಹುದು, ಎದ್ರ ಲಗೂ ಹಿಡೀಬಹುದು ಅಂದ್ರು. ಹದಿನೆಂಟು ಯಾವ ವಾರ ಅಂತ ಕೇಳಿದೆ. ಗುರುವಾರ. ಛಲೋ ಆತು ಅಂದೆ.

ಸೆಪ್ಟೆಂಬರ್ 11, ಗುರುವಾರ

ಪಡಸಾಲಿ ತುಂಬಿತ್ತು. ಮೂತ್ರದಾಗ ಕ್ಯಾನ್ಸರಿನ ಕಣ ಹುಡುಕಿದ ರಿಪೋರ್ಟೂ ಸ್ವಚ್ಛ ಅಂತ ಮಾನಸಿ ಮುಂಜಾನೆ ಫೋನಿನ್ಯಾಗ ಹೇಳಿದ್ಲು, ಬರೂವಾಗ ಪೇಢೆ ತಂದಳು. ಅಬ್ದುಲಗನಿ ಬಾಗಿಲಿಗೆ ಒರಗಿ ಕೂತಿದ್ದ. ಚನ್ನಯ್ಯ ಎಂದಿನಂಗ ಗಡಿಯಾರದ ಕೆಳಗ. ಅಕ್ಕ ತೋಡಿ ರಾಗ ಹಿಡದಳು. ಶ್ವಾಸ ಸಾಲದ ಕಡೆ ಧನಶ್ರೀ ದನಿಗೂಡಿಸಿದಳು. ನಾಟ್ಯಗೀತದ ಎರಡನೇ ಚರಣಾನೂ ತಿದ್ದಿಕೊಂಡು ಬಂದಾಳ.

ಒಂದು ಪದ ಮುಗದಿತ್ತು. ಚನ್ನಯ್ಯ ಮ್ಯಾಲ ನೋಡಿ, "ಸರ, ಎರಡು ತಾಸಾತು, ಏಳ್ರಿ," ಅಂದ್ರು.

ಹೌದಲ್ಲ ಅಂತ ತಂಬೂರಿ ಇಟ್ಟು ಎದ್ದೆ. ಎಲ್ಲಾರೂ ಕಾಲು ಮಡಚಿ ದಾರಿ ಬಿಟ್ರು. ಬಚ್ಚಲದಾಗ ಕೂತು ಮಾಡಿದೆ, ಬಾಟ್ಲಿ ಬೂಚು ತಗದು ಬ್ಲೀಚಿಂಗ್ ಸುರಿದೆ, ಇನ್ನ ಕಾಲು ತಾಸು ಅಂತ ಗ್ವಾಡಿಗೆ ಒರಗಿ ನಿಂತೆ. ನಿಂತು ಸ್ವಲ್ಪ ಹೊತ್ತಾದ ಮ್ಯಾಲ ನೆನಪಾತು, ಇವತ್ತು ನನ್ನೊಳಗ ಔಷಧಾನೇ ಇಲ್ಲ.

ಹೊರಗ ಬಂದೆ. ಯಾಕೋ ಇಷ್ಟು ಲಗೂ ಬಂದಿ ಅಂತ ಅಕ್ಕ ಕೇಳಿದಳು. ಹೇಳಲಿಲ್ಲ. ಹೇಳಿದ್ರ ಅಬ್ದುಲಗನಿ ಇರೂತನಕ ಅದನ್ನೇ ಹೇಳಿಕೋತ ತಿರಗತಾನ.

"ಇನ್ನೊಂದು ಪದ ಅದ," ಅಂದಳು ಅಕ್ಕ. "ಕೂಡ್ತೀಯೇನು?"

ತಂಬೂರಿ ತೊಡಿ ಮ್ಯಾಲ ಇಟಗೊಂಡೆ.